ಮಟ್ಟು ಟೆನರ್‌ನಲ್ಲಿ, ಟೆನರ್ ಹಾಡುವವರು ಮೂವರೇ

ಪ್ರಶ್ನೆ: "ನಮ್ಮೂರು ಶಿವಮೊಗ್ಗ. ಕೆಲಸದ ಮೇಲೆ ಬಂದು ಈಗ ಬಾಸ್ಟನ್ ಹತ್ತಿರದ ಒಂದು ಊರಲ್ಲಿದ್ದೇನೆ. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತಿದ್ದೆ. ಇಲ್ಲಿ ಊರಿನವರೇ ಸೇರಿ ಗುಂಪಾಗಿ ಹಾಡಲು ನಡೆಸುವ ಒಂದು ಕ್ವಾಯರ್‌ಗೆ ಹೋಗುತ್ತೇನೆ. 24 ಜನ ಇದ್ದೇವೆ. ಸೋಪ್ರಾನೊ (ಹೆಂಗಸರ ಎತ್ತರದ ಧ್ವನಿ) 9, ಆಲ್ಟೊ (ಹೆಂಗಸರ ತಗ್ಗಿನ ಧ್ವನಿ) 7, ಟೆನರ್ (ಗಂಡಸರ ಎತ್ತರದ ಧ್ವನಿ) 3, ಬೇಸ್ (ಗಂಡಸರ ತಗ್ಗಿನ ಧ್ವನಿ) 5. ಅಮೆರಿಕದ ಸ್ವಾತಂತ್ರ್ಯಕ್ಕೆ 250 ವರ್ಷ ಅಂತ ನಿರ್ದೇಶಕರು ಆ ಕಾಲದ ಮೂರು ಕೀರ್ತನೆ ಆರಿಸಿದ್ದಾರೆ: ವಿಲಿಯಂ ಬಿಲ್ಲಿಂಗ್ಸ್ ಅವರ 'ಮೆಜೆಸ್ಟಿ', ಜಸ್ಟಿನ್ ಮಾರ್ಗನ್ ಅವರ 'ಅಮಾಂಡಾ' ಮತ್ತು 'ಮಾಂಟ್‌ಗೊಮರಿ'. ಮುಖ್ಯ ಮಟ್ಟು ಸೋಪ್ರಾನೊದಲ್ಲಿಲ್ಲ, ಟೆನರ್‌ನಲ್ಲಿದೆ. ಮೂವರು ಹಾಡಿದರೆ ಕೇಳಿಸುವುದೇ ಇಲ್ಲ. ನಿರ್ದೇಶಕರು ಅದನ್ನು ಸೋಪ್ರಾನೊಗೆ ಕೊಡೋಣ ಅಂತಾರೆ. ನಮ್ಮ ಪಿಯಾನೊ ವಾದಕರು ಇನ್ನೂ ಮುಂದೆ ಹೋಗಿ, 'ಇದನ್ನು ಬರೆದವನು ಚರ್ಮ ಹದ ಮಾಡುತ್ತಿದ್ದ ಮನುಷ್ಯ. ಸಂಗೀತ ಓದಿದವನಲ್ಲ. ತುಂಬಾ ತಪ್ಪುಗಳಿವೆ, ಎರಡು ಧ್ವನಿ ಪಂಚಮದ ದೂರದಲ್ಲೇ ಜೊತೆಯಾಗಿ ನಡೆಯುವ ಸಮಾಂತರ ಪಂಚಮಗಳಿವೆ' ಅಂತ ತಿದ್ದಿದ ಪ್ರತಿಯೊಂದನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಬಂದಿದ್ದಾರೆ. ಇನ್ನೊಬ್ಬರು ತಂದ ಪ್ರತಿಯಲ್ಲಿ ಸ್ವರಗಳೆಲ್ಲ ತ್ರಿಕೋನ, ಚೌಕ. 'ಮಾಂಟ್‌ಗೊಮರಿ'ಯ ಕೊನೆಯಲ್ಲಿ ನಾಲ್ಕೂ ಗುಂಪು ಬೇರೆ ಬೇರೆ ಪದ ಹಾಡಿ ಸಂತೆಯ ಗಲಾಟೆ ಆಗುತ್ತದೆ. ಯಾವ ಪ್ರತಿ ಹಿಡಿಯಬೇಕು? ನನ್ನ ಗಮಕದ ಅಭ್ಯಾಸ ಇಲ್ಲಿ ತೊಂದರೆಯೇ? ಮತ್ತೆ ಒಂದು ಮಾತು, ನಾನು ಹಿಂದೂ. ಈ ಹಾಡುಗಳನ್ನು ಹಾಡುವುದು ಸರಿಯಾ?"

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ಸುಮಾರಿವೆ. ಆದರೆ ಬೇರು ಒಂದೇ. ಹಾಡು ಕೆಟ್ಟದಾಗಿ ಕೇಳಿಸುತ್ತಿದೆ, ಆದ್ದರಿಂದ ಹಾಡನ್ನೇ ರಿಪೇರಿ ಮಾಡಬೇಕು ಅಂತ ಎಲ್ಲರೂ ಹೊರಟಿದ್ದಾರೆ. ನಾನು ಕ್ವಾಯರ್‌ಗಳಿಗೆ ಈ ಹಾಡುಗಳನ್ನು ಕಲಿಸುವವನು. ಸ್ವರ ಮುಟ್ಟುವ ಮೊದಲು ಜನರನ್ನು ಬೇರೆ ಥರ ನಿಲ್ಲಿಸಿ ನೋಡಿ. ಅರ್ಧಕ್ಕಿಂತ ಜಾಸ್ತಿ "ತಪ್ಪು" ಅಲ್ಲೇ ಕರಗುತ್ತದೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಲ್ಲಿ ಕೀರ್ತನೆ ಅಂದರೆ ದಾಸರದ್ದಲ್ಲ. ಬೈಬಲ್ಲಿನ 150 ಕೀರ್ತನೆಗಳು. ಅವನ್ನು ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಆಗಲಿ ಅಂತ ಇಂಗ್ಲಿಷಿನಲ್ಲಿ ಪ್ರಾಸವಿರುವ ಪದ್ಯವಾಗಿ ಬರೆದುಕೊಂಡರು. ಲೆಕ್ಕ ಸರಳ. ಒಂದೊಂದು ಸಾಲಿಗೆ ಇಷ್ಟು ಅಕ್ಷರ ಅಂತ. 8-6-8-6 ಸಾಮಾನ್ಯ ಛಂದಸ್ಸು, 8-8-8-8 ಉದ್ದದ್ದು, 6-6-8-6 ಚಿಕ್ಕದ್ದು. 'ಮೆಜೆಸ್ಟಿ'ಯ ಮೊದಲ ಸಾಲನ್ನೇ ಬೆರಳು ಮಡಿಸಿ ಎಣಿಸಿ: "ದ ಲಾರ್ಡ್ ಡಿ-ಸೆಂ-ಡೆಡ್ ಫ್ರಮ್ ಅ-ಬವ್", ಎಂಟು. "ಅಂಡ್ ಬೌಡ್ ದ ಹೆ-ವನ್ಸ್ ಹೈ", ಆರು. ಒಂದೇ ಅಳತೆ ಆದ್ದರಿಂದ ಯಾವ ಕೀರ್ತನೆಯನ್ನು ಯಾವ ಮಟ್ಟಿಗೆ ಬೇಕಾದರೂ ಹಾಕಬಹುದು. ಹಾಗಾಗಿಯೇ ಮಟ್ಟಿಗೆ ಪ್ರತ್ಯೇಕ ಹೆಸರು. ಊರಿನ ಹೆಸರು, ದೇಶದ ಹೆಸರು, ಏನೋ ಒಂದು. 'ಮಾಂಟ್‌ಗೊಮರಿ' ಅನ್ನುವುದಕ್ಕೂ 63ನೇ ಕೀರ್ತನೆಯ ಅರ್ಥಕ್ಕೂ ಸಂಬಂಧ ಹುಡುಕಬೇಡಿ.

ಮ್ಯಾಸಚೂಸೆಟ್ಸ್‌ಗೆ ಬಂದ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಕಟ್ಟುನಿಟ್ಟಿನ ಕ್ರೈಸ್ತರು, 1640ರಲ್ಲಿ ಅಲ್ಲಿನ ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿದ ಪುಸ್ತಕ ಇಂಥ ಕೀರ್ತನೆಗಳದ್ದೇ. 'ಬೇ ಸಾಮ್ ಬುಕ್' ಅಂತ ಕರೆಯುತ್ತಾರೆ. ಇಂಗ್ಲಿಷರ ಉತ್ತರ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕ ಅದು. ಈಗ 11 ಪ್ರತಿ ಉಳಿದಿವೆ. 2013ರಲ್ಲಿ ಒಂದು ಪ್ರತಿ 1.4 ಕೋಟಿ ಡಾಲರಿಗೂ ಮೇಲೆ ಹೋಯಿತು. ತಮಾಷೆ ಅಂದರೆ ಅದರಲ್ಲಿ ಒಂದೂ ಸ್ವರ ಇರಲಿಲ್ಲ. ಮಟ್ಟುಗಳು ಅಚ್ಚಾಗಿದ್ದು 1698ರ ಒಂಬತ್ತನೇ ಮುದ್ರಣದಲ್ಲಿ, ಅದೂ 13 ಮಾತ್ರ. ಅಲ್ಲಿಯವರೆಗೆ ಎಲ್ಲವೂ ಬಾಯಿಪಾಠ. ಒಬ್ಬರು ಒಂದೊಂದೇ ಸಾಲು ಹೇಳಿಕೊಡುವುದು, ಸಭೆ ಅದನ್ನೇ ಎಳೆದು ಹಾಡುವುದು.

ಬಾಯಿಪಾಠದಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂಲ್ ತಮ್ಮ ಚರ್ಚ್‌ನಲ್ಲಿ 24 ವರ್ಷ ಮಟ್ಟು ಹಿಡಿದುಕೊಟ್ಟವರು. 1718ರ ಫೆಬ್ರವರಿಯಲ್ಲಿ ಡೈರಿಯಲ್ಲಿ ಬರೆದುಕೊಂಡಿದ್ದಾರೆ: ತಾವು 'ಯಾರ್ಕ್' ಮಟ್ಟು ಎತ್ತಿಕೊಂಡರೆ, ಮೇಲಿನ ಗ್ಯಾಲರಿಯವರು ಅದನ್ನು 'ಸೇಂಟ್ ಡೇವಿಡ್ಸ್'ಗೆ ಎಳೆದುಕೊಂಡು ಹೋಗಿಬಿಟ್ಟರಂತೆ. ತಡೆಯಲು ಆಗಲಿಲ್ಲವಂತೆ. ಪಾಪ, ಆಮೇಲೆ ಆ ಕೆಲಸವನ್ನೇ ಬಿಟ್ಟರು. ಕ್ವಾಯರ್ ನಡೆಸುವ ಯಾರಿಗೇ ಆದರೂ ಈ ಸಂಕಟ ಅರ್ಥವಾಗುತ್ತದೆ.

ಇದಕ್ಕೆ ಮದ್ದು ಅಂತ ಬಂದದ್ದು ಹಾಡಿನ ಶಾಲೆ. 1721ರಲ್ಲಿ ಜಾನ್ ಟಫ್ಟ್ಸ್ ಮತ್ತು ಥಾಮಸ್ ವಾಲ್ಟರ್ ಇಬ್ಬರೂ ಸ್ವರ ಓದುವುದನ್ನು ಕಲಿಸುವ ಪುಸ್ತಕ ತಂದರು. ಜಗಳವೂ ಆಯಿತು. ಹಳೇ ಪದ್ಧತಿಯವರು, ಇದೆಲ್ಲ ಯಾಕೆ, ನಮ್ಮ ಅಪ್ಪ ಅಜ್ಜ ಹಾಡಿದ ಹಾಗೆ ಹಾಡುತ್ತೇವೆ ಅಂದರು. ಆದರೆ ಶಾಲೆ ಗೆದ್ದಿತು. ಊರೂರು ತಿರುಗುವ ಮೇಷ್ಟ್ರು, ಕೆಲವು ವಾರ ಸಂಜೆ ಪಾಠ, ಹುಡುಗ ಹುಡುಗಿಯರು ಒಟ್ಟಿಗೆ ಕೂರುವ ಅವಕಾಶ. ಕಲಿತ ಯುವಕರು ಸುಮ್ನೆ ಕೂರುತ್ತಾರಾ? ಚರ್ಚ್‌ನ ಗ್ಯಾಲರಿಯಲ್ಲಿ ಗುಂಪಾಗಿ ಕೂತು ಕಷ್ಟದ ಹಾಡು ಬೇಕು ಅಂದರು. ಅವರಿಗಾಗಿ ಬರೆದ ಹಾಡುಗಳೇ ಈಗ ನಿಮ್ಮ ಕೈಯಲ್ಲಿರುವುದು.

ಬರೆದವರು ಯಾರು? ಪಿಯಾನೊ ವಾದಕರ ಮಾತಿನಲ್ಲಿ ಅರ್ಧ ಸತ್ಯ ಇದೆ. ಬಿಲ್ಲಿಂಗ್ಸ್ (1746–1800) ಚರ್ಮ ಹದ ಮಾಡುವ ಕಸುಬಿನವರು, ಬಾಸ್ಟನ್ನಿನವರು. ಡೇನಿಯಲ್ ರೀಡ್ ಬಾಚಣಿಗೆ ಮಾಡಿಸಿ ಅಂಗಡಿ ಇಟ್ಟಿದ್ದರು. ಟಿಮೊತಿ ಸ್ವಾನ್ ಟೋಪಿ ಮಾಡುತ್ತಿದ್ದರು. ಆಲಿವರ್ ಹೋಲ್ಡನ್ ಬಡಗಿ. ಸಪ್ಲೈ ಬೆಲ್ಚರ್ ಹೆಂಡದಂಗಡಿಯ ಮಾಲೀಕ. ನಿಮ್ಮ ಜಸ್ಟಿನ್ ಮಾರ್ಗನ್ ವರ್ಮಾಂಟ್‌ನ ಮೇಷ್ಟ್ರು, ಕುದುರೆಯನ್ನೂ ಸಾಕಿದ್ದರು. ಅಮೆರಿಕದ ಹೆಸರಾಂತ ಮಾರ್ಗನ್ ತಳಿಗೆ ಆ ಹೆಸರು ಬಂದಿದ್ದು ಇವರಿಂದಲೇ. ಹಾಡಿಗಿಂತ ಕುದುರೆಯಿಂದಲೇ ಈಗ ಜಾಸ್ತಿ ಜನಕ್ಕೆ ಗೊತ್ತು.

ಆದರೆ "ಓದಿದವರಲ್ಲ, ಅದಕ್ಕೇ ತಪ್ಪು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಟಾನ್ಸರ್ ಬರೆದ ಪಾಠಪುಸ್ತಕ 1760ರ ದಶಕದಿಂದ ನ್ಯೂ ಇಂಗ್ಲೆಂಡಿನಲ್ಲೇ (ಬಾಸ್ಟನ್ ಸುತ್ತಲಿನ ಈಶಾನ್ಯ ಅಮೆರಿಕದಲ್ಲಿ) ಅಚ್ಚಾಗುತ್ತಿತ್ತು. ನಿಯಮಗಳು ಅದರಲ್ಲಿದ್ದವು. ಬಿಲ್ಲಿಂಗ್ಸ್‌ಗೆ ನಿಯಮ ಗೊತ್ತಿತ್ತು. 1770ರ ತಮ್ಮ ಮೊದಲ ಪುಸ್ತಕದಲ್ಲೇ, ಹಿಂದಿನವರು ಹಾಕಿದ ನಿಯಮಗಳಿಗೆ ತಾನು ಕಟ್ಟುಬಿದ್ದಿಲ್ಲ ಅಂತ ಬರೆದಿದ್ದಾರೆ. ನಿಸರ್ಗವೇ ದೊಡ್ಡ ಗುರು ಅನ್ನುವ ಅರ್ಥದ ಮಾತೂ ಅಲ್ಲಿದೆ. 1778ರಲ್ಲಿ ಎರಡನೇ ಪುಸ್ತಕ ತಂದಾಗ, ಮೊದಲ ಪುಸ್ತಕದ ಎಷ್ಟೋ ಹಾಡು ಅಚ್ಚಿಗೆ ಯೋಗ್ಯವಾಗಿರಲಿಲ್ಲ ಅಂತಲೂ ತಾವೇ ಹೇಳಿಕೊಂಡರು. ನಿಮ್ಮ 'ಮೆಜೆಸ್ಟಿ' ಈ ಎರಡನೇ ಪುಸ್ತಕದ್ದು. ಅದೇ ಪುಸ್ತಕದಲ್ಲಿ 'ಜಾರ್ಗನ್' ಅಂತ ಒಂದು ಪುಟ್ಟ ಹಾಡಿದೆ. ನಿಮ್ಮ ಹಾಡುಗಳಲ್ಲಿ ಕರ್ಕಶವೇ ಇಲ್ಲ, ಬರೀ ಸಿಹಿ ಅಂತ ಟೀಕಿಸಿದವರಿಗೆ ಉತ್ತರವಾಗಿ, ಬೇಕಂತಲೇ ಪೂರ್ತಿ ಅಪಸ್ವರದಲ್ಲಿ ಬರೆದದ್ದು. ಗೊತ್ತಿಲ್ಲದವರು ಇಂಥ ತಮಾಷೆ ಮಾಡಲಾರರು.

ಹಾಗಾದರೆ ಸಮಾಂತರ ಪಂಚಮ ಯಾಕೆ ಬಂತು? ಬರೆಯುವ ಕ್ರಮದಿಂದ. ಬಿಲ್ಲಿಂಗ್ಸ್ ಅದನ್ನು 1794ರ ಪುಸ್ತಕದಲ್ಲಿ ಗುರು–ಶಿಷ್ಯರ ಮಾತುಕತೆಯಾಗಿ ವಿವರಿಸಿದ್ದಾರೆ. ಮೊದಲು ಟೆನರ್, ಅಂದರೆ ಮುಖ್ಯ ಮಟ್ಟು. ಅದಕ್ಕೆ ಹೊಂದುವ ಬೇಸ್. ಆಮೇಲೆ ಮೇಲಿನ ಟ್ರೆಬಲ್, ಈಗಿನ ಸೋಪ್ರಾನೊದ ಜಾಗ. ಕೊನೆಗೆ ಕೌಂಟರ್, ಈಗಿನ ಆಲ್ಟೊದ ಜಾಗ. ಒಂದರ ಮೇಲೊಂದು ಸಾಲು. ಪ್ರತಿ ಸಾಲೂ ಹಾಡುವವರ ಬಾಯಿಗೆ ರುಚಿಸಬೇಕು ಅನ್ನುವುದು ಆಸೆ. ಪಿಯಾನೊ ಮುಂದೆ ಕೂತವರು ಹಾಗೆ ಬರೆಯುವುದಿಲ್ಲ. ಅವರು ಒಂದೊಂದು ತಾಳಕ್ಕೂ ಮೂರು ಸ್ವರದ ಒಂದು ಕಟ್ಟು ಹಾಕಿ, ಅದನ್ನು ನಾಲ್ಕು ಧ್ವನಿಗೆ ಹಂಚುತ್ತಾರೆ. ಅಲ್ಲಿ ಎರಡು ಧ್ವನಿ ಪಂಚಮದ ದೂರದಲ್ಲಿ ಜೊತೆಜೊತೆಯಾಗಿ ನಡೆದರೆ ಎರಡೂ ಬೆರೆತು ಒಂದಾಗಿ ಕೇಳಿಸುತ್ತವೆ. ನಾಲ್ಕು ಧ್ವನಿ ಇದ್ದದ್ದು ಮೂರಾದ ಹಾಗೆ. ಹಾಗೆ ನಡೆಯಬಾರದು ಅನ್ನುವ ನಿಯಮ ಇರುವುದು ಅದಕ್ಕೇ. ತಪ್ಪು ನಿಯಮ ಅಲ್ಲ. ಬೇರೆ ಮನೆಯ ನಿಯಮ.

ನಿಮಗಂತೂ ಈ ಸದ್ದು ಹೊಸದಲ್ಲ. ಸಾ–ಪಾ ತಂಬೂರಿಯಲ್ಲಿ ಕೇಳುತ್ತಲೇ ಬೆಳೆದವರು ನೀವು. ಈ ಹಾಡುಗಳ ಸಾಲು ಮುಗಿಯುವ ಜಾಗ ನೋಡಿ. ಎಷ್ಟೋ ಕಡೆ ಬರೀ ಷಡ್ಜ–ಪಂಚಮ, ನಡುವೆ ಗಾಂಧಾರ ಇಲ್ಲ. ಪಿಯಾನೊದವರಿಗೆ ಅದು ಖಾಲಿ. ನಿಮ್ಮ ಕಿವಿಗೆ ಖಾಲಿ ಅನಿಸಬಾರದು.

ಈಗ ಮಟ್ಟಿನ ವಿಷಯ. ಆ ಕಾಲದಲ್ಲಿ ಟೆನರ್ ಅಂದರೆ ಬರೀ ಗಂಡಸರಲ್ಲ. ಹೆಂಗಸರೂ ಟೆನರ್ ಸಾಲನ್ನು ಒಂದು ಸ್ಥಾಯಿ ಮೇಲೆ ಹಾಡುತ್ತಿದ್ದರು. ಟ್ರೆಬಲ್ ಸಾಲನ್ನು ಕೆಲವು ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡುತ್ತಿದ್ದರು. ಹೀಗೆ ಸೇರಿದರೇ ಸೊಗಸು ಅಂತ ಬಿಲ್ಲಿಂಗ್ಸ್ ಅವರೇ ಬರೆದಿದ್ದಾರೆ. ಕಾಗದದ ಮೇಲೆ ನಾಲ್ಕು ಸಾಲು, ಕಿವಿಗೆ ಆರು. ಇನ್ನೊಂದು ಮಾತು: 40 ಜನ ಇದ್ದರೆ 20 ಜನ ಬೇಸ್ ಹಾಡಲಿ, ಉಳಿದ 20 ಜನ ಮೇಲಿನ ಸಾಲುಗಳಿಗೆ ಹಂಚಿಕೊಳ್ಳಲಿ ಅನ್ನುತ್ತಾರೆ. ಅರ್ಧಕ್ಕೆ ಅರ್ಧ! ನಿಮ್ಮಲ್ಲಿ ನೋಡಿ. 24ರಲ್ಲಿ ಬೇಸ್ 5. ಮೇಲೆ ಸೋಪ್ರಾನೊ 9 ಜನ ಹಾಡುತ್ತಿರುವುದು ಮಟ್ಟನ್ನಲ್ಲ, ಟ್ರೆಬಲ್ ಸಾಲನ್ನು, ಅಂದರೆ ಅಲಂಕಾರವನ್ನು. ಅಲಂಕಾರ ಜೋರು, ಮಟ್ಟು ಮೆಲ್ಲಗೆ, ತಳಪಾಯ ತೆಳು. ಕೆಟ್ಟದಾಗಿ ಕೇಳಿಸದೆ ಇನ್ನೇನು?

ಇದಕ್ಕೆ ನಿಮ್ಮ ಮುಂದೆ ಮೂರು ದಾರಿ ಇವೆ.

ನಿರ್ದೇಶಕರು ಹೇಳುವ ದಾರಿ ಮೊದಲು. ಟೆನರ್ ಸಾಲನ್ನು ಪೂರ್ತಿ ಸೋಪ್ರಾನೊಗೆ ಕೊಟ್ಟು, ಟ್ರೆಬಲ್ ಸಾಲನ್ನು ಗಂಡಸರಿಗೆ ಕೊಡುವುದು. ಮಟ್ಟು ಚೆನ್ನಾಗಿ ಕೇಳಿಸುತ್ತದೆ, ಅದು ಖಂಡಿತ. ತೊಂದರೆ ಎರಡು. ಮೂವರು ಟೆನರ್ ಈಗ ಟ್ರೆಬಲ್ ಸಾಲಿನಲ್ಲಿ ಮುಳುಗುತ್ತಾರೆ. ಮೊದಲು ಪಂಚಮ ಇದ್ದ ಜಾಗ ತಲೆಕೆಳಗಾಗಿ ಚತುರ್ಥ, ಅಂದರೆ ಸ–ಮ ದೂರ, ಆಗುತ್ತದೆ. ಒಟ್ಟು ಸದ್ದು 19ನೇ ಶತಮಾನದ ಭಾನುವಾರದ ಚರ್ಚ್ ಹಾಡಿನ ಹಾಗಾಗುತ್ತದೆ. ಕೇಳಲು ಹಿತವೇ. ಆದರೆ ಆ ಬದಲಾವಣೆ ಆಮೇಲೆ ಬಂದವರದ್ದು. 1822ರಲ್ಲಿ ಬಾಸ್ಟನ್ನಿನಲ್ಲಿ ಲೋವೆಲ್ ಮೇಸನ್ ಅನ್ನುವವರ ಚರ್ಚ್ ಹಾಡುಗಳ ಸಂಗ್ರಹ ಬಂದ ಮೇಲೆ ಮಟ್ಟು ಮೇಲಿನ ಧ್ವನಿಗೆ ಹೋಗುವುದು, ಯುರೋಪಿನ ಕ್ರಮದ ಸ್ವರಕಟ್ಟು ಹಾಕುವುದು, ಎಲ್ಲ ರೂಢಿಯಾಯಿತು. 1776ರ ಹೆಸರಲ್ಲಿ ಕಾರ್ಯಕ್ರಮ ಇಟ್ಟು ಅದನ್ನು ಹಾಡುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು, ಪಿಯಾನೊ ವಾದಕರು ತಂದ ತಿದ್ದಿದ ಪ್ರತಿ. ಇದು ಬೇಡವೇ ಬೇಡ. ಪಂಚಮ ತಪ್ಪಿಸಲು ಒಂದು ಧ್ವನಿಯ ದಾರಿ ತಿರುಗಿಸಿದರೆ ಆ ಸಾಲಿನ ಹಾಡುಗುಣ ಹೋಗುತ್ತದೆ. ಖಾಲಿ ಜಾಗಕ್ಕೆಲ್ಲ ಗಾಂಧಾರ ತುಂಬಿದರೆ ಹಾಡು ಮಂದವಾಗುತ್ತದೆ. ಇನ್ನೂ ಒಂದು: ಮೇಲೆ ಹೇಳಿದ ಹಾಗೆ ಹೆಂಗಸರು ಗಂಡಸರು ಒಂದೇ ಸಾಲನ್ನು ಎರಡು ಸ್ಥಾಯಿಯಲ್ಲಿ ಹಾಡಿದರೆ ಸಮಾಂತರ ಅಷ್ಟಮ ಹಾಡಿನುದ್ದಕ್ಕೂ ಇದ್ದೇ ಇರುತ್ತದೆ. ಅಂಥ ಕಡೆ ಹುಡುಕಿ ಹುಡುಕಿ ಪಂಚಮ ತೆಗೆದು ಏನು ಸಿಕ್ಕಿತು? ಪಿಯಾನೊ ವಾದಕರ ಪರವಾಗಿಯೂ ಒಂದು ಮಾತು ಹೇಳಬೇಕು. ಇದು ಅವರೊಬ್ಬರ ಅಭಿಪ್ರಾಯವಲ್ಲ. ಹಾಡಿನ ಮೇಷ್ಟ್ರು ಆಂಡ್ರೂ ಲಾ 1790ರ ದಶಕದಲ್ಲೇ ಈ ದೇಶೀ ಹಾಡುಗಳನ್ನು ಟೀಕಿಸಿದ್ದರು. ಡೇನಿಯಲ್ ರೀಡ್ ಕೂಡ ವಯಸ್ಸಾದ ಮೇಲೆ ಯುರೋಪಿನ ಗ್ರಂಥ ಓದಿ ಮನಸ್ಸು ಬದಲಿಸಿದರು. ಆದರೆ ಅವರು ಬದಲಿಸಿದ್ದು ತಮ್ಮ ಹಾಡನ್ನು.

ನಾನು ಹೇಳುವ ದಾರಿ ಮೂರನೆಯದು. ಸ್ವರ ಹಾಗೇ ಇರಲಿ, ಜನ ಜಾಗ ಬದಲಿಸಲಿ. ನಿಮ್ಮ 9 ಸೋಪ್ರಾನೊದಲ್ಲಿ 6 ಜನ ಟ್ರೆಬಲ್ ಹಾಡಲಿ. ಉಳಿದ 3 ಜನ, ಜೊತೆಗೆ ಮೇಲಿನ ಸ್ವರ ಸಲೀಸಾಗಿ ಸಿಗುವ 3 ಆಲ್ಟೊ, ಟೆನರ್ ಸಾಲನ್ನು ಒಂದು ಸ್ಥಾಯಿ ಮೇಲೆ ಹಾಡಲಿ. ಮಿಕ್ಕ 4 ಆಲ್ಟೊ ಕೌಂಟರ್. ಟೆನರ್ ಮೂವರಲ್ಲಿ ಇಬ್ಬರು ಮಟ್ಟಿಗೆ, ಒಬ್ಬರು ಟ್ರೆಬಲ್ ಸಾಲನ್ನು ಕೆಳಗಿನ ಸ್ಥಾಯಿಯಲ್ಲಿ. ಈಗ ಮಟ್ಟಿಗೆ 8 ಜನ ಆದರು. ಬೇಸ್ ಇನ್ನೂ 5 ಜನವೇ. ಅದಕ್ಕೆ ಒಂದು ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ಸಿಕ್ಕರೆ ಬೇಸ್ ಸಾಲನ್ನೇ ನುಡಿಸಲು ಹೇಳಿ. ಇದು ಕಳ್ಳದಾರಿ ಅಲ್ಲ. 18ನೇ ಶತಮಾನದ ಕೊನೆಗೆ ನ್ಯೂ ಇಂಗ್ಲೆಂಡಿನ ಚರ್ಚ್‌ಗಳಲ್ಲಿ ಚೆಲ್ಲೊದಂಥ ದೊಡ್ಡ ವಾದ್ಯ ಬೇಸ್‌ಗೆ ಆಸರೆಯಾಗಿ ಬಂದೇ ಇತ್ತು. ಮೇಲಿನವರು ಧ್ವನಿ ಸ್ವಲ್ಪ ತಗ್ಗಿಸಲಿ.

ಇದರಲ್ಲೂ ಅಪಾಯ ಇದೆ. ಹೆಂಗಸರು ಟೆನರ್ ಸಾಲು ಹಾಡುವಾಗ ಎತ್ತರ ಜಾಸ್ತಿಯಾಗಬಹುದು. ಹೊಸ ಸಾಲು ಕಲಿಯಲು ಎರಡು ಮೂರು ವಾರ ಎಲ್ಲರಿಗೂ ಗೊಂದಲ. ಎತ್ತರದ ಪ್ರಶ್ನೆಗೆ ಶ್ರುತಿ ಇಳಿಸಿ, ಸಂಕೋಚ ಬೇಡ. ಆಗಿನವರು ಶ್ರುತಿ ಕೊಳವೆ ಊದಿ, ಬಾಯಿಗೆ ಬರುವ ಎತ್ತರಕ್ಕೆ ಹಾಡಿದವರು. ಕಾಗದದಲ್ಲಿ ಇದ್ದಷ್ಟೇ ಎತ್ತರ ಅನ್ನುವ ಹಟ ಅವರಿಗಿರಲಿಲ್ಲ.

ಪಿಯಾನೊ ಬೇಕಾ? ಪಾಠಕ್ಕೆ ಇರಲಿ, ಕಾರ್ಯಕ್ರಮಕ್ಕೆ ಬೇಡ. ಸ್ಪಷ್ಟ ಕಾರಣ ಇದೆ. ಪಿಯಾನೊದ ಗಾಂಧಾರ ಶುದ್ಧವಾಗಿ ಹಾಡಿದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ ಇರುತ್ತದೆ. ಒಂದು ಅರ್ಧಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ಪಂಚಮದಲ್ಲಿ ವ್ಯತ್ಯಾಸ ಬಹಳ ಕಡಿಮೆ. ಕ್ವಾಯರ್ ಪಿಯಾನೊ ಬಿಟ್ಟು, ಪಂಚಮವನ್ನು ತಂಬೂರಿಯ ಹಾಗೆ ಗಟ್ಟಿಯಾಗಿ ಹಿಡಿದು, ಗಾಂಧಾರವನ್ನು ಕಿವಿಯಿಂದ ಕೂರಿಸಿದರೆ ಹಾಡು ಒಮ್ಮೆಲೇ ತೆರೆದುಕೊಳ್ಳುತ್ತದೆ. ಇಲ್ಲಿ ನೀವು ಗುಂಪಿಗೆ ಸಹಾಯ ಮಾಡಬಹುದು. ಅಂತರ ಗಾಂಧಾರ ಎಲ್ಲಿ ಕೂರುತ್ತದೆ ಅಂತ ನಿಮಗೆ ಕಲಿಸಬೇಕಾಗಿಲ್ಲ.

ಗಮಕದ ವಿಷಯ ಅದಕ್ಕೇ ಅಂಟಿಕೊಂಡಿದೆ. ನಾಲ್ಕು ಸಾಲು ಒಂದನ್ನೊಂದು ಆತು ನಿಂತಾಗ ಒಂದು ಧ್ವನಿ ತೂಗಾಡಿದರೆ ಪಂಚಮ ಒಡೆಯುತ್ತದೆ. ಆದ್ದರಿಂದ ಉದ್ದ ಸ್ವರಗಳಲ್ಲಿ ಕಂಪಿತ ಬಿಡಿ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಚಿಕ್ಕ ಜಾರು ಬಂದರೆ ಯಾರೂ ಗಲಾಟೆ ಮಾಡುವುದಿಲ್ಲ. ಹಳೇ ಹಾಡುಗಾರರೂ ಮಾಡುತ್ತಿದ್ದರು. ನಿಮ್ಮ ತೆರೆದ ಗಂಟಲಿನ ಅಕಾರ ಇದೆಯಲ್ಲ, ಅದು ಆಪೆರಾ ಗಾಯಕರ ನಡುಗುವ ಧ್ವನಿಗಿಂತ ಈ ಹಾಡಿಗೆ ಹತ್ತಿರ. ಅದನ್ನು ಬಿಡಬೇಡಿ. 'ಅಮಾಂಡಾ' ಕಲಿಯುವಾಗ ಒಂದು ಎಚ್ಚರ. ಅದರ ಸ್ವರಗಳು ನಟಭೈರವಿಯ ಹಾಗೆ. ಇಂಥ ಮಟ್ಟುಗಳಲ್ಲಿ ಧೈವತವನ್ನು ಸ್ವಲ್ಪ ಏರಿಸಿ ಖರಹರಪ್ರಿಯದ ಕಡೆಗೆ ತಿರುಗಿಸುವವರು ಇದ್ದಾರೆ. ಯಾವುದಾದರೂ ಒಂದನ್ನು ಇಡೀ ಕ್ವಾಯರ್ ಒಪ್ಪಿಕೊಳ್ಳಲಿ. ಅರ್ಧ ಜನ ಅದು, ಅರ್ಧ ಜನ ಇದು ಆಗಬಾರದು.

ತ್ರಿಕೋನ ಚೌಕದ ಪ್ರತಿಯನ್ನು ನೋಡಿ ಹೆದರಬೇಡಿ. ಅದು ಓದಲು ಸುಲಭವಾಗಲಿ ಅಂತಲೇ ಹುಟ್ಟಿದ್ದು. 1801ರಲ್ಲಿ ಲಿಟಲ್ ಮತ್ತು ಸ್ಮಿತ್ ಅನ್ನುವ ಇಬ್ಬರ ಪುಸ್ತಕದಿಂದ ಶುರು. ಫಾ ತ್ರಿಕೋನ, ಸೋಲ್ ವೃತ್ತ, ಲಾ ಚೌಕ, ಮಿ ವಜ್ರಾಕಾರ. ಏಳು ಸ್ವರಕ್ಕೆ ನಾಲ್ಕೇ ಹೆಸರು. ನಮ್ಮ ಸ ರಿ ಗ ಮ ಪ ದ ನಿ ಅಲ್ಲಿ ಫಾ ಸೋಲ್ ಲಾ ಫಾ ಸೋಲ್ ಲಾ ಮಿ. ಸಾ ಮತ್ತು ಮಾ ಎರಡಕ್ಕೂ ಫಾ! ಮೊದಲು ತಲೆ ತಿರುಗುತ್ತದೆ. ಆದರೆ ಶಂಕರಾಭರಣದ ಸ-ರಿ-ಗ ಅಂತರ ಮತ್ತು ಮ-ಪ-ದ ಅಂತರ ಒಂದೇ ಅಂತ ನೆನಪಿಸಿಕೊಂಡರೆ ಅದರ ಜಾಣತನ ಕಾಣುತ್ತದೆ.

ಆದರೆ ಆ ಪ್ರತಿಯಲ್ಲಿ ಒಂದು ವಿಷಯ ಪರೀಕ್ಷಿಸಬೇಕು. ಮೇಸನ್ ಥರದವರು ಬಾಸ್ಟನ್ನಿನಿಂದ ಈ ಹಾಡುಗಳನ್ನು ಓಡಿಸಿದಾಗ ಅವು ದಕ್ಷಿಣದ ರಾಜ್ಯಗಳಿಗೆ ಹೋಗಿ ಉಳಿದವು. 1844ರಲ್ಲಿ ಜಾರ್ಜಿಯಾದವರು ತಂದ 'ಸೇಕ್ರೆಡ್ ಹಾರ್ಪ್' ಪುಸ್ತಕವನ್ನು ಇವತ್ತಿಗೂ ಜನ ಚೌಕವಾಗಿ ಕೂತು, ಕೇಳುಗರಿಲ್ಲದೆ, ತಮಗಾಗಿ ಹಾಡುತ್ತಾರೆ. ದಕ್ಷಿಣದ ಪುಸ್ತಕಗಳಲ್ಲಿ ಎಷ್ಟೋ ಹಾಡುಗಳ ಕೌಂಟರ್ ಸಾಲು ಬಿಟ್ಟುಹೋಗಿ ಮೂರೇ ಸಾಲು ಉಳಿದಿತ್ತು. 20ನೇ ಶತಮಾನದ ಶುರುವಿನಲ್ಲಿ ಹೊಸದಾಗಿ ಆಲ್ಟೊ ಬರೆದು ಸೇರಿಸಿದರು. ಹಾಗಾಗಿ ನಿಮ್ಮ ಪ್ರತಿಯ ಆಲ್ಟೊ ಮಾರ್ಗನ್ ಅವರದ್ದೇ ಅಂತ ನಂಬಬೇಡಿ. ಹಾಡಲು ತೊಂದರೆ ಇಲ್ಲ. ಕಾರ್ಯಕ್ರಮದ ಹಾಳೆಯಲ್ಲಿ ಸುಳ್ಳು ಬರೆಯಬಾರದು ಅಷ್ಟೇ.

ಇನ್ನು 'ಮಾಂಟ್‌ಗೊಮರಿ'ಯ ಸಂತೆ. ಇದಕ್ಕೆ ಫ್ಯೂಗಿಂಗ್ ಟ್ಯೂನ್ ಅಂತ ಹೆಸರು. ಬಾಖ್ ಅವರ ಫ್ಯೂಗ್‌ಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಜಾಸ್ತಿ ಇಲ್ಲ. ಬಿಲ್ಲಿಂಗ್ಸ್ ಇದನ್ನು ಕಂಡುಹಿಡಿದರು ಅನ್ನುವ ಮಾತೂ ಸುಳ್ಳು. ಇಂಗ್ಲೆಂಡಿನ ಹಳ್ಳಿ ಚರ್ಚ್‌ಗಳಲ್ಲಿ ಮೊದಲೇ ಇತ್ತು. 1761ರಲ್ಲಿ ಜೇಮ್ಸ್ ಲಯನ್ ಫಿಲಡೆಲ್ಫಿಯದಲ್ಲಿ ಅಚ್ಚು ಹಾಕಿಸಿದ 'ಯುರೇನಿಯಾ'ದಲ್ಲೂ ಇದ್ದವು. ನಡೆ ಹೀಗೆ: ಮೊದಲ ಭಾಗ ಎಲ್ಲರೂ ಒಟ್ಟಿಗೆ ಹಾಡಿ ನಿಲ್ಲುತ್ತಾರೆ. ಆಮೇಲೆ ಒಂದು ಗುಂಪು, ಹೆಚ್ಚಾಗಿ ಬೇಸ್, ಹೊಸ ಸಾಲು ಎತ್ತಿಕೊಳ್ಳುತ್ತದೆ. ಒಂದೊಂದು ಆವರ್ತನದ ನಂತರ ಉಳಿದವರು ಅದೇ ಥರ ಸೇರುತ್ತಾರೆ. ಕೊನೆಗೆ ಎಲ್ಲರೂ ಒಂದಾಗಿ ಮುಗಿಸಿ, ಈ ಭಾಗವನ್ನು ಮತ್ತೆ ಹಾಡುತ್ತಾರೆ. ಪದ ಕೇಳಿಸುವುದಿಲ್ಲ ಅನ್ನುವ ದೂರು ಆಗಲೂ ಇತ್ತು. ಧರ್ಮದ ಹಿರಿಯರಿಗೆ ಇದರಿಂದಲೇ ಸಿಟ್ಟು.

ಅಲ್ಲಿ ಏನು ನಡೆಯುತ್ತಿದೆ ಅಂತ ನೋಡಿ. ಇಂಗ್ಲೆಂಡಿನ ಕವಿ ಐಸಾಕ್ ವಾಟ್ಸ್ 1719ರಲ್ಲಿ ಪದ್ಯವಾಗಿ ತಂದ 63ನೇ ಕೀರ್ತನೆ ಅದು. ಸುಡುವ ಮರಳಿನ ಮೇಲೆ, ಬೆಂಕಿಯಂಥ ಆಕಾಶದ ಕೆಳಗೆ ನಡೆಯುವ ಯಾತ್ರಿಕರು ತಣ್ಣನೆ ತೊರೆಗೆ ಹಂಬಲಿಸುತ್ತಾರೆ, ಕುಡಿಯಬೇಕು ಇಲ್ಲವೇ ಸಾಯಬೇಕು. ಒಬ್ಬರ ಹಿಂದೆ ಒಬ್ಬರು ನೀರಿಗಾಗಿ ನುಗ್ಗುವುದನ್ನು ಮಾರ್ಗನ್ ಧ್ವನಿಯಲ್ಲಿ ಮಾಡಿಟ್ಟಿದ್ದಾರೆ ಅಂತ ನನಗನಿಸುತ್ತದೆ. ಇಲ್ಲಿ ಅಂದವಾಗಿ ಹಾಡಲು ಹೋದರೆ ಕೆಟ್ಟಿತು. ಪ್ರತಿ ಗುಂಪೂ ತನ್ನ ಪ್ರವೇಶದ ಮೊದಲ ಮೂರು ನಾಲ್ಕು ಪದವನ್ನು ಗಟ್ಟಿಯಾಗಿ, ವ್ಯಂಜನ ಸ್ಪಷ್ಟವಾಗಿ ಹೇಳಲಿ. ಆಗಲೇ ಹಾಡುತ್ತಿರುವವರು ಧ್ವನಿ ತಗ್ಗಿಸುವುದು ಬೇಡ, ಓಡುವುದೂ ಬೇಡ. ತಾಳ ಕೈಯಲ್ಲಿ ಹಾಕಿಕೊಂಡೇ ಹಾಡಲಿ, ಆಗಿನವರೂ ಹಾಕುತ್ತಿದ್ದರು. ಪದಗಳನ್ನು ಕೇಳುಗರಿಗೆ ಹಾಳೆಯಲ್ಲಿ ಕೊಡಿ. ಅರ್ಧಚಂದ್ರಾಕಾರದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿ. ಹಳೇ ಚರ್ಚ್‌ಗಳ ಮೂರು ಬದಿಯ ಗ್ಯಾಲರಿಯಲ್ಲಿ ಧ್ವನಿಗಳು ಎದುರುಬದುರಾಗಿ ಬರುತ್ತಿದ್ದವು. ಒಂದೇ ಗೋಡೆಯ ಹಾಗೆ ಸಾಲಾಗಿ ನಿಂತರೆ ಈ ಆಟ ಕಾಣುವುದಿಲ್ಲ.

ವೇಗದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೆಚ್ಚಿನ ಕ್ವಾಯರ್‌ಗಳು ಎಡವುವುದು ಅಲ್ಲೇ. ಭಕ್ತಿ ಅಂದರೆ ನಿಧಾನ ಅಂತ ಎಳೆಯುತ್ತಾರೆ. ಆ ಕಾಲದ ಪುಸ್ತಕಗಳು ಗಡಿಯಾರದ ಲೋಲಕ ಇಟ್ಟು ವೇಗ ಹೇಳುತ್ತಿದ್ದವು. ಸುಮಾರು 39 ಇಂಚಿನ ದಾರಕ್ಕೆ ಗುಂಡು ಕಟ್ಟಿ ತೂಗಿದರೆ ಒಂದೊಂದು ಬೀಸಿಗೆ ಒಂದು ಸೆಕೆಂಡು. ನಾಲ್ಕರ ತಾಳದಲ್ಲಿ ನಿಧಾನದ ಆವರ್ತನಕ್ಕೆ ಸುಮಾರು 4 ಸೆಕೆಂಡು, ನಡುವಿನದಕ್ಕೆ 3, ಚುರುಕಿನದಕ್ಕೆ 2. ನಿಮ್ಮ ಪ್ರತಿಯಲ್ಲಿ ಯಾವ ಗುರುತು ಇದೆ ಅಂತ ನೋಡಿ, ಫೋನಿನ ಮೆಟ್ರೊನೋಮ್‌ನಲ್ಲಿ ಇಟ್ಟು ಹಾಡಿ. ನಿಮ್ಮ ಈಗಿನ ವೇಗಕ್ಕಿಂತ ಚುರುಕಾಗಿರುವ ಸಾಧ್ಯತೆಯೇ ಜಾಸ್ತಿ.

ನೀವು ಹಿಂದೂ, ಹಾಡಬಹುದಾ ಅಂದಿರಿ. ಈ ಕೀರ್ತನೆಗಳು ಮೂಲದಲ್ಲಿ ಯಹೂದಿಗಳ ಪ್ರಾರ್ಥನೆ. ನಿಮ್ಮ ಮೂರೂ ಹಾಡಿನ ವಸ್ತು ಹೀಗಿದೆ: ಗಾಳಿಯ ರೆಕ್ಕೆಯ ಮೇಲೆ ದೇವರು ಇಳಿದು ಬರುವುದು, ಮನುಷ್ಯನ ಆಯಸ್ಸು ಹೊಳೆಯಲ್ಲಿ ಕೊಚ್ಚಿಹೋಗುವುದು, ಮರಳುಗಾಡಿನ ಬಾಯಾರಿಕೆ. ಇದರಲ್ಲಿ ನಿಮಗೆ ತೊಡಕು ಅನಿಸುವ ಮಾತು ಇದೆಯಾ ಅಂತ ನೀವೇ ಓದಿ ನೋಡಿ. ಇದ್ದರೆ ನಿರ್ದೇಶಕರಿಗೆ ನೇರವಾಗಿ ಹೇಳಿ, ಆ ಒಂದು ಹಾಡಿಗೆ ಹೊರಗಿರಿ. ಯಾರೂ ತಪ್ಪು ತಿಳಿಯುವುದಿಲ್ಲ. ಈ ಹಾಡುಗಳ ಪದ ಹಿಂದೆಯೂ ಬದಲಾಗಿವೆ. ವಾಟ್ಸ್ ತಮ್ಮ ಕೀರ್ತನೆಗಳಲ್ಲಿ ಇಸ್ರೇಲ್ ಇದ್ದಲ್ಲಿ ಬ್ರಿಟನ್ ಅಂತ ಹಾಕಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕನ್ನರಿಗೆ ಅದನ್ನು ಹಾಡಲು ಬಾಯಿ ಬರಲಿಲ್ಲ. 1785ರಲ್ಲಿ ಅಮೆರಿಕದ ಕವಿ ಜೋಯಲ್ ಬಾರ್ಲೊ ಕೂತು ಅವನ್ನೆಲ್ಲ ತಿದ್ದಿಕೊಟ್ಟರು. ನಿರ್ದೇಶಕರು ಇನ್ನೊಂದು ವಾಟ್ಸ್ ಕೀರ್ತನೆ ಸೇರಿಸುವುದಾದರೆ ಯಾವ ಪಾಠ ಅಂತ ನೋಡಿಕೊಳ್ಳಲಿ. 250ನೇ ವರ್ಷದ ವೇದಿಕೆಯಲ್ಲಿ ಬ್ರಿಟನ್ನಿಗೆ ಹರಸುವುದು ಚೆನ್ನಾಗಿರುವುದಿಲ್ಲ.

ಪ್ರತಿಯ ಬಗ್ಗೆ ಕೊನೆಯದಾಗಿ. ಬಿಲ್ಲಿಂಗ್ಸ್ ಅವರ ಎಲ್ಲ ಹಾಡುಗಳೂ ನಾಲ್ಕು ಸಂಪುಟಗಳಲ್ಲಿ, ಮೂಲಕ್ಕೆ ಹೋಲಿಸಿ ಪ್ರಕಟವಾಗಿವೆ. ಹಾನ್ಸ್ ನೇಥನ್ ಮತ್ತು ಕಾರ್ಲ್ ಕ್ರೋಗರ್ ಸಂಪಾದಿಸಿದ್ದು. ಬಾಸ್ಟನ್ ಸುತ್ತಲಿನ ದೊಡ್ಡ ಗ್ರಂಥಾಲಯದಲ್ಲಿ ಕೇಳಿ ನೋಡಿ. ಹಾಡುಗಳಿಗೆ ಈಗ ಹಕ್ಕುಸ್ವಾಮ್ಯ ಇಲ್ಲ. ಆದರೆ ಇತ್ತೀಚಿನ ಸಂಪಾದಕರ ಪುಟಕ್ಕೆ ಇರಬಹುದು, ಜೆರಾಕ್ಸ್ ಮಾಡುವ ಮೊದಲು ಕೇಳಿ. ಪಿಯಾನೊ ವಾದಕರ ತಿದ್ದಿದ ಪ್ರತಿ ಮತ್ತು ಇದನ್ನು ಒಂದೇ ಸಂಜೆ, ಜನರನ್ನು ನಾನು ಹೇಳಿದ ಹಾಗೆ ನಿಲ್ಲಿಸಿ, ಎರಡನ್ನೂ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಅವರೇ ಕೇಳಿ ಆರಿಸಲಿ.